ಸಕ್ಕರೆಯ ನಾಲ್ಕನೇ ಆಕಾರ

ಪ್ರತಿ ವರ್ಷ ಪಿಎಚ್‌ಡಿ ಸಮಿತಿಯ ಮುಂದೆ ನಿಂತಾಗ ಮಂಜರಿಗೆ ಎದುರಾಗುತ್ತಿದ್ದ ಪ್ರಶ್ನೆ ಒಂದೇ: "ಇದರಲ್ಲಿ ಹೊಸದೇನು?" ಕೇಳುವವರೂ ಒಬ್ಬರೇ, ಡಾಕ್ಟರ್ ವಿಶಾಲಮ್ಮ. ಮೈಸೂರು ಕಡೆಯವರು. ಬೆಳಗಿನ ವಿಮಾನಕ್ಕೆ ಪುಣೆಗೆ ಬಂದು, ನಾಲ್ಕು ಜನ ವಿದ್ಯಾರ್ಥಿಗಳ ಜೀವ ಹಿಂಡಿ, ಸಂಜೆಯ ವಿಮಾನಕ್ಕೆ ಹೊರಟುಬಿಡುತ್ತಿದ್ದರು. ಇಂಗ್ಲಿಷ್ ಬಿಟ್ಟು ಬೇರೆ ಮಾತಿಲ್ಲ, ನಗು ಮೊದಲೇ ಇಲ್ಲ. ವಿಶಾಲ ಎಂದು ಹೆಸರಿಟ್ಟವರಿಗೆ ಮುಂದಿನದು ಹೇಗೆ ತಿಳಿಯಬೇಕು ಪಾಪ, ಎಂದು ಹುಡುಗರು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ಆದರೆ ಅವರ ಪ್ರಶ್ನೆ ನ್ಯಾಯವಾದದ್ದೇ ಎಂದು ಮಂಜರಿಗೆ ಗೊತ್ತಿತ್ತು. ಸಂಕಟವೆಲ್ಲ ಅಲ್ಲೇ ಇತ್ತು.

ಆಕೆಯ ಕೆಲಸ ಕೇಳಲು ಚೆಂದ, ಮಾಡಲು ಮಹಾ ತಾಪತ್ರಯ. ಸಕ್ಕರೆಯ ಒಂದು ಅಣು, ತನ್ನ ಪಾಡಿಗೆ ತಾನು ಒಂಟಿಯಾಗಿದ್ದಾಗ, ಹೇಗೆ ಮೈ ಮಡಚಿಕೊಂಡಿರುತ್ತದೆ ಎಂದು ನೋಡುವುದು. ಹರಳಿನಲ್ಲಿದ್ದರೆ ಅಕ್ಕಪಕ್ಕದ ಅಣುಗಳು ಅದರ ಕೈ ಹಿಡಿದು ಎಳೆಯುತ್ತವೆ. ನೀರಿನಲ್ಲಿದ್ದರೆ ನೀರು ಎಳೆಯುತ್ತದೆ. ನೆಂಟರ ನಡುವೆ ಕೂತವರ ಸ್ವಭಾವವನ್ನು ನಂಬುವ ಹಾಗಿಲ್ಲ. ಆದ್ದರಿಂದ ಸಕ್ಕರೆಯನ್ನು ಆವಿ ಮಾಡಿ ಏನೂ ಇಲ್ಲದ ಜಾಗಕ್ಕೆ ಬಿಡಬೇಕು. ಕಾಯಿಸಿದರೆ ಅದು ಆವಿಯಾಗುವ ಪೈಕಿಯಲ್ಲ. ಪಾಕವಾಗುತ್ತದೆ, ಕೆಂಪಗಾಗುತ್ತದೆ, ಕಡೆಗೆ ತಳ ಹಿಡಿದು ಕರಕಲಾಗುತ್ತದೆ. ಇಷ್ಟು ಹೇಳಲು ವಿಜ್ಞಾನಿ ಬೇಕಿಲ್ಲ, ಒಮ್ಮೆ ಉಂಡೆ ಕಟ್ಟಲು ಕೂತವರು ಸಾಕು. ಅದಕ್ಕೇ ಒಂದು ಉಪಾಯ. ಸಕ್ಕರೆ ಪುಡಿಗೆ ಹನಿ ಅಂಟು ಸೇರಿಸಿ, ಒತ್ತಿ, ಬಳಪದ ಕಡ್ಡಿಯಂತೆ ಮಾಡಿ, ಅದಕ್ಕೆ ಲೇಸರ್ ಬೆಳಕಿನ ಏಟು ಹಾಕುವುದು. ಏಟು ಬಿದ್ದ ಕಡೆ ಸಕ್ಕರೆ ಕರಗಲು ಪುರಸತ್ತಿಲ್ಲದೆ ಹಾರಿಬಿಡುತ್ತದೆ. ಹಾರಿದ್ದನ್ನು ನಿಯಾನ್ ಅನಿಲ ಹೊತ್ತುಕೊಂಡು ಒಂದು ಸಣ್ಣ ಮೂತಿಯ ಮೂಲಕ ಗಾಳಿಯಿಲ್ಲದ ದೊಡ್ಡ ಉಕ್ಕಿನ ಪೀಪಾಯಿಯೊಳಗೆ ನುಗ್ಗುತ್ತದೆ. ಅಲ್ಲಿ ಹೇಳತೀರದ ಚಳಿ. ಒಂದೊಂದು ಅಣುವೂ ಒಂಟಿಯಾಗಿ ಬುಗುರಿಯಂತೆ ತಿರುಗುತ್ತದೆ. ಯಾವ ಆಕಾರದ್ದು ಯಾವ ಲಯದಲ್ಲಿ ತಿರುಗುತ್ತದೆ ಎಂಬುದನ್ನು ಮೈಕ್ರೋವೇವ್ ಅಲೆಗಳಿಂದ ಕೇಳಿ ತಿಳಿದರೆ ಪರದೆಯ ಮೇಲೆ ಗೆರೆಗಳು ಏಳುತ್ತವೆ. ಮೆಟ್ಟಿಲ ಮೇಲಿನ ಹೆಜ್ಜೆಯ ಸದ್ದಿನಿಂದಲೇ ಬಂದವರು ಯಾರೆಂದು ಮನೆಯವರು ಹೇಳುವುದಿಲ್ಲವೇ, ಹಾಗೆ ಗೆರೆಗಳಿಂದ ಆಕಾರವನ್ನು ಗುರುತಿಸುವುದು.

ಮಂಜರಿ ಹಿಡಿದದ್ದು ಐದು ಇಂಗಾಲದ ಒಂದು ಸಕ್ಕರೆಯನ್ನು. ಲ್ಯಾಬಿನಲ್ಲಿ ಎಲ್ಲರೂ ಅದನ್ನು "ಸಣ್ಣ ಸಕ್ಕರೆ" ಎನ್ನುತ್ತಿದ್ದರು, ನಮಗೂ ಅಷ್ಟು ಸಾಕು. ಅದಕ್ಕೆ ಮೂರು ಆಕಾರಗಳಿವೆ ಎಂದು ಹೊರದೇಶದವರು ಮೊದಲೇ ಕಂಡು ಬರೆದಾಗಿತ್ತು. ನಾಲ್ಕು ವರ್ಷ ಬೆವರು ಸುರಿಸಿ ಮಂಜರಿ ಕಂಡದ್ದೂ ಅವೇ ಮೂರು. ಕಳೆದ ವರ್ಷ ವಿಶಾಲಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಬರುವ ಸಲವೂ ಹೊಸದೇನೂ ಇಲ್ಲದಿದ್ದರೆ ಪಿಎಚ್‌ಡಿಯ ಆಸೆ ಬಿಟ್ಟು, ಸಣ್ಣದೊಂದು ಪದವಿ ತೆಗೆದುಕೊಂಡು ಹೊರಡುವುದು ಒಳ್ಳೆಯದು ಎಂದಿದ್ದರು. ಸಮಿತಿಯ ವರದಿಯಲ್ಲೂ ಅದನ್ನೇ ಬರೆಸಿದ್ದರು.

ಹೀಗಿರುವಾಗ ದಸರೆ ಬಂತು.

ಆ ಯಂತ್ರವನ್ನು ಒಂಬತ್ತು ವರ್ಷದಿಂದ ನೋಡಿಕೊಳ್ಳುತ್ತಿದ್ದವನು ದಿಗಂಬರ ಕಾಕಾ, ನಿಪ್ಪಾಣಿ ಕಡೆಯ ಮೆಕ್ಯಾನಿಕ್. ಸ್ಕ್ರೂ ತಿರುಗಿಸುವಾಗ ಮರಾಠಿ, ಯಂತ್ರವನ್ನು ಬೈಯುವಾಗ ಕನ್ನಡ. ಖಂಡೇನವಮಿಯ ದಿನ, ಆಯುಧಪೂಜೆಗೆಂದು, ಬೆಳಗಾಗುವ ಮೊದಲೇ ಮಾರ್ಕೆಟ್ ಯಾರ್ಡಿಗೆ ಹೋಗಿ ಎರಡು ಕಿಲೋ ಚೆಂಡುಹೂ ತಂದು, ಯಂತ್ರಕ್ಕೆ ಮಾಲೆ ಹಾಕಿ, ಅರಿಸಿನ ಕುಂಕುಮ ಹಚ್ಚಿ, ಕರ್ಪೂರದ ಪೊಟ್ಟಣ ಬಿಚ್ಚಿದ. ಆಗ ಮಂಜರಿ ಅಡ್ಡ ನಿಂತಳು. ಆ ವರ್ಷ ಲ್ಯಾಬಿನ ಸುರಕ್ಷತೆಯ ಹೊಣೆ ಆಕೆಯ ತಲೆಗೆ ಬಿದ್ದಿತ್ತು.

"ಹಚ್ಚಬ್ಯಾಡ್ರಿ ಕಾಕಾ. ಹೋದ ವರ್ಷದ್ದು ನೆನಪದನೋ ಇಲ್ಲೋ?"

ನೆನಪಿಲ್ಲದೆ ಏನು. ಹೋದ ವರ್ಷದ ಆರತಿಯ ಹೊಗೆಗೆ ಬೆಂಕಿಯ ಗಂಟೆ ಬಡಿದುಕೊಂಡು, ಮುನ್ನೂರು ಜನ ಅಂಗಳಕ್ಕೆ ಓಡಿಬಂದು, ಸಂಸ್ಥೆಯ ನಿರ್ದೇಶಕರು ಒಂದು ಕಾಲಿಗೆ ಚಪ್ಪಲಿ ಇಲ್ಲದೆ ನಿಂತಿದ್ದರು.

"ಕರ್ಪೂರ ಇಲ್ಲದ ಪೂಜಿ ಹೆಂಗ ಆಗತದರಿ ಅಕ್ಕಾರ? ಉಪ್ಪಿಲ್ಲದ ಊಟ ಆದಂಗಾತು," ಎಂದ ದಿಗಂಬರ, ಮುಖ ಸಣ್ಣದು ಮಾಡಿ.

"ಹಂಗಾರ ಹಚ್ಚದs ಇಡ್ರಿ. ದೇವರು ತಿಳ್ಕೋತಾನ."

ದೇವರು ತಿಳಿದುಕೊಂಡನೋ ಇಲ್ಲವೋ, ದಿಗಂಬರ ತಿಳಿದುಕೊಂಡ. ಹಚ್ಚದ ಕರ್ಪೂರವನ್ನು ಎಲ್ಲಿಡುವುದು? ಮೇಜಿನ ಮೇಲಿಟ್ಟರೆ ಫ್ಯಾನಿನ ಗಾಳಿಗೆ ಉರುಳಿಹೋದೀತು, ಕಾಲಿಗೆ ಸಿಕ್ಕೀತು. ನಿಯಾನ್ ಬರುವ ಪೈಪಿನ ಮಧ್ಯೆ ಹಣತೆಯಷ್ಟಗಲದ ಒಂದು ಸ್ಟೀಲಿನ ಬಟ್ಟಲಿತ್ತು. ದ್ರವಗಳನ್ನು ಪರೀಕ್ಷಿಸುವಾಗ ಅದರಲ್ಲಿ ನಾಲ್ಕು ಹನಿ ಹಾಕುತ್ತಿದ್ದರು. ಸಕ್ಕರೆಯ ಕೆಲಸದಲ್ಲಿ ಅದಕ್ಕೆ ಪಾತ್ರವಿಲ್ಲ, ಖಾಲಿ ಕೂತಿರುತ್ತಿತ್ತು, ಅನಿಲ ಮಾತ್ರ ಅದರ ಮೂಲಕವೇ ಹಾದುಹೋಗುತ್ತಿತ್ತು. ಆರತಿಗೆಂದೇ ಮಾಡಿಸಿದ ಹಾಗಿದೆ ಎನ್ನಿಸಿ, ದಿಗಂಬರ ಅದರ ಮುಚ್ಚಳ ಬಿಚ್ಚಿ ನಾಲ್ಕು ಗುಳಿಗೆ ಇಟ್ಟು, ಮತ್ತೆ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ ಕೈಮುಗಿದ. ಅಚ್ಚುಕಟ್ಟಿನ ಮನುಷ್ಯ. ಮಂಜರಿ ಆ ಹೊತ್ತಿಗೆ ಆಚೆ ಕೋಣೆಯಲ್ಲಿ ಎಲ್ಲರಿಗೂ ಪೇಢೆ ಹಂಚುತ್ತಿದ್ದಳು.

ನಾಲ್ಕು ದಿನ ರಜೆ. ಬಂದ ಮೇಲೆ ದಿಗಂಬರ ಬಾಡಿದ ಮಾಲೆ ತೆಗೆದ, ಕುಂಕುಮ ಒರೆಸಿದ. ಕರ್ಪೂರದ ನೆನಪು ಯಾರಿಗೂ ಬರಲಿಲ್ಲ. ಅದು ಉರಿದು ಏನೂ ಉಳಿಸದೆ ಹೋಗುವ ವಸ್ತುವಲ್ಲವೇ, ಪೂಜೆ ಮುಗಿದ ಮೇಲೆ ಅದನ್ನು ಎತ್ತಿಡುವ ಅಭ್ಯಾಸ ಯಾರಿಗಿದೆ?

ಮಂಜರಿ ಹೊಸ ಸಕ್ಕರೆ ಕಡ್ಡಿ ಕೂರಿಸಿ ಯಂತ್ರ ಓಡಿಸಿದಳು. ಗೆರೆಗಳು ಎದ್ದವು. ಮೂರು ಹಳೆಯ ಆಕಾರಗಳ ಗೆರೆಗಳ ನಡುವೆ ಹೊಸವು, ಎತ್ತರದವು, ಒಂದಲ್ಲ ಎರಡಲ್ಲ, ನೂರಾರು. ಲೆಕ್ಕ ಹಾಕಿ ನೋಡಿದರೆ ಎಲ್ಲವೂ ಒಂದೇ ಆಕಾರದವು. ಸಣ್ಣ ಸಕ್ಕರೆಯಷ್ಟೇ ತೂಕದ, ಆದರೆ ಮೈಯನ್ನೆಲ್ಲ ಮುದುಡಿ ಉಂಡೆಯಾಗಿ ಮಲಗಿದಂಥ ಆಕಾರ. ನಾಲ್ಕನೆಯದು! ಮಂಜರಿ ಕುರ್ಚಿಯಿಂದ ಎದ್ದು ಕೂತಳು, ಕೂತು ಎದ್ದಳು, ಕಡೆಗೆ ಓಡಿದಳು.

ಆಕೆಯ ಮಾರ್ಗದರ್ಶಕರು ಋಷಿಕೇಶ ಸರ್. ಧಾರವಾಡದವರು, ಬರುವ ಮಾರ್ಚಿಗೆ ನಿವೃತ್ತಿ. ಮಂಜರಿಯದೇ ಅವರ ಕೊನೆಯ ಪಿಎಚ್‌ಡಿ. ಪರದೆಯನ್ನು ಹತ್ತು ನಿಮಿಷ ದಿಟ್ಟಿಸಿ ನೋಡಿ, "ಭಪ್ಪರೆ!" ಎಂದರು. ಖಾಲಿ ಓಟ ನೋಡಿದೆಯಾ, ಲೇಸರ್ ಇಲ್ಲದೆ ಗೆರೆ ಬರುತ್ತವೆಯೇ ಎಂದು ಪರೀಕ್ಷಿಸಿದೆಯಾ, ಎಂದು ಕೇಳಿದ್ದರು ಕೂಡ. ದಸರೆಗೆ ಮೊದಲು ನೋಡಿದ್ದೆ ಸರ್, ಎಲ್ಲ ಶುದ್ಧವಿತ್ತು ಎಂದಳು ಮಂಜರಿ. ಅದು ನಿಜವೇ. ಸರ್ ತಲೆಯಾಡಿಸಿದರು, ಅದೇ ದಿನ ವಿಶಾಲಮ್ಮನವರಿಗೆ ಫೋನು ಮಾಡಿ ಈ ಸಲ ಹೊಸದಿದೆ ಎಂದು ಹೇಳಿಬಿಟ್ಟರು.

ಇನ್ನು ಉಳಿದದ್ದು ಮಧುಕರ್. ತುಮಕೂರಿನ ಹುಡುಗ, ಕಂಪ್ಯೂಟರಿನಲ್ಲಿ ಅಣುಗಳನ್ನು ಕಟ್ಟಿ, ಅವು ಯಾವ ಆಕಾರ ತಾಳಬಲ್ಲವು ಎಂದು ಲೆಕ್ಕ ಹಾಕುವವನು. ಗೆರೆಗಳಿಂದ ತೆಗೆದು ಮಂಜರಿ ಕೊಟ್ಟ, ಆಕಾರದ ಗುರುತು ಹೇಳುವ ಮೂರು ಸಂಖ್ಯೆಗಳನ್ನು ಹಿಡಿದುಕೊಂಡು ಹೋದವನು ಎರಡು ವಾರ ಮುಖ ತೋರಿಸಲಿಲ್ಲ. ಬಂದಾಗ ಗಡ್ಡ ಬೆಳೆದಿತ್ತು, ಕಣ್ಣು ಹೊಳೆಯುತ್ತಿತ್ತು.

"ಸಿಕ್ತು ಕಣೇ! ನಿನ್ನ ಶೇಪ್ ಸಿಕ್ತು! ಮೂರು ನಂಬರಲ್ಲಿ ಎರಡು ಪಕ್ಕಾ ಮ್ಯಾಚ್. ಮೂರನೇದು ಒಂಚೂರು ಆಫ್ ಇದೆ, ಅದ್ಯಾಕೆ ಅಂತ ಎರಡು ಪೇಜ್ ಎಕ್ಸ್‌ಪ್ಲನೇಶನ್ ಬರ್ದಿದೀನಿ."

ಎತ್ತು ಕರು ಹಾಕಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವವರು ಹಳ್ಳಿಯಲ್ಲೇ ಇರಬೇಕೆಂದೇನಿಲ್ಲ. ಮಧುಕರ್ ಕರುವಿಗೆ ಹಗ್ಗವನ್ನೂ ಹೊಸೆದು ತಂದಿದ್ದ, ಒಂಬತ್ತು ಪುಟ.

ಮನೆಯಲ್ಲಿ ಇನ್ನೊಂದು ಸಡಗರ. ಮಂಜರಿ ಇದ್ದದ್ದು ಪುಣೆಯ ಕೊಂಢವಾದಲ್ಲಿ, ತಂದೆಯ ಅಕ್ಕ ಭಾಮಾ ಅತ್ಯಾನ ಮನೆಯಲ್ಲಿ. ಅತ್ಯಾ ವಿಮಾ ಏಜೆಂಟ್. ಸುದ್ದಿಯೊಂದು ಆಕೆಯ ಕಿವಿಗೆ ಬಿತ್ತೆಂದರೆ ಪುಣೆ ಧಾರವಾಡಗಳ ನಡುವಿನ ಪರಿಚಯಸ್ಥರಿಗೆಲ್ಲ ಮುಟ್ಟಿತೆಂದೇ ಲೆಕ್ಕ.

"ಮಂಜು, ನೀ ಹೊಸಾ ಸಕ್ಕರಿ ಕಂಡುಹಿಡದೀ ಅಂತ ಎಲ್ಲಾರಿಗೂ ಹೇಳೀನಿ."

"ಹೊಸಾ ಸಕ್ಕರಿ ಅಲ್ಲ ಅತ್ಯಾ. ಹಳೇ ಸಕ್ಕರೀದು ಹೊಸಾ ಆಕಾರ."

"ಎರಡೂ ಒಂದs ತಗೋ. ಶುಗರ್ ಇದ್ದವರು ತಿನ್ನಬಹುದೋ ಇಲ್ಲೋ, ಅದೊಂದು ಹೇಳು. ಕೆಳಗಿನ ಮನಿ ಸಿದ್ದಲಿಂಗಪ್ಪನವರು ಮೂರು ಸಲ ಕೇಳಿದ್ರು."

ಮಂಜರಿ ನಕ್ಕು ಒಳಗೆ ನಡೆದಳು. ಆ ಮೂರು ವಾರ ಆಕೆಗೆ ಪುಣೆಯ ಟ್ರಾಫಿಕ್ಕೂ ಸಹ್ಯವಾಗಿತ್ತು. ಸಿಗ್ನಲ್ಲಿನಲ್ಲಿ ಸ್ಕೂಟರ್ ನಿಲ್ಲಿಸಿಕೊಂಡು, ನನ್ನದು, ಇದು ನನ್ನದು, ಲೋಕದಲ್ಲಿ ಇದನ್ನು ಮೊದಲು ಕಂಡವಳು ನಾನು, ಎಂದುಕೊಳ್ಳುತ್ತಿದ್ದಳು. ಐದು ವರ್ಷದಲ್ಲಿ ಮೊದಲ ಬಾರಿ ಆಕೆಗೆ ವಿಶಾಲಮ್ಮನವರ ಪ್ರಶ್ನೆಗೆ ಕಾದು ಕೂರುವಂತಾಗಿತ್ತು.

ಸಮಿತಿ ಸೇರುವುದು ಶುಕ್ರವಾರ ಹನ್ನೊಂದಕ್ಕೆ ಎಂದು ಗೊತ್ತಾಗಿತ್ತು. ಬುಧವಾರ ಮಧ್ಯಾಹ್ನ ಮೂರು ಗಂಟೆಗೆ, ತೋರಿಸಲು ಇನ್ನೊಂದು ಚೆಂದದ ಚಿತ್ರವಿರಲಿ ಎಂದು ಮಂಜರಿ ಯಂತ್ರ ಓಡಿಸುತ್ತಿದ್ದಳು. ಅಷ್ಟರಲ್ಲಿ ಅತ್ಯಾನ ಫೋನು ಬಂತು. ಶುಕ್ರವಾರ ಯಾವ ಸೀರೆ ಉಡಬೇಕು ಎಂಬ ವಿಚಾರ, ಇಳಕಲ್ಲೋ, ನಾರಾಯಣಪೇಟೆಯೋ. ಇಪ್ಪತ್ತು ನಿಮಿಷ ಅದು ನಡೆದು, ಇಳಕಲ್ ಗೆದ್ದು, ಫೋನು ಕೆಳಗಿಟ್ಟಾಗ ಕೋಣೆ ಯಾಕೋ ಬಿಕೋ ಎನ್ನುತ್ತಿತ್ತು. ಏನೋ ಇಲ್ಲ. ಏನಿಲ್ಲ? ಟಕ್ ಟಕ್ ಎನ್ನುವ ಲೇಸರಿನ ಸದ್ದಿಲ್ಲ. ಲೇಸರನ್ನು ತಣ್ಣಗಿಡುವ ನೀರಿನ ಯಂತ್ರ ಕೈಕೊಟ್ಟು, ಲೇಸರ್ ತಾನಾಗಿಯೇ ಆರಿಹೋಗಿತ್ತು. ಮಂಜರಿ ಗೊಣಗುತ್ತ ಪರದೆಯತ್ತ ತಿರುಗಿದಳು.

ನಾಲ್ಕನೇ ಆಕಾರದ ಗೆರೆಗಳು ಎಂದಿನಂತೆ ಗರ್ವದಿಂದ ನಿಂತಿದ್ದವು. ಉಳಿದ ಮೂರು ಆಕಾರಗಳ ಸುಳಿವಿಲ್ಲ.

ಲೇಸರ್ ಇಲ್ಲದೆ ಸಕ್ಕರೆ ಹಾರುವುದಿಲ್ಲ. ಸಕ್ಕರೆ ಹಾರದೆ ಸಕ್ಕರೆಯ ಗೆರೆ ಬರುವುದಿಲ್ಲ. ಹಾಗಾದರೆ ಪರದೆಯ ಮೇಲೆ ಕುಣಿಯುತ್ತಿರುವುದು ಯಾರು? ಮೊದಲೇ ಹಾರಿದ್ದು ಒಳಗೆ ಉಳಿದಿರಬಹುದು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು, ಹತ್ತು ನಿಮಿಷ ಕಾದಳು. ಗೆರೆಗಳು ಕದಲಲಿಲ್ಲ. ಸಕ್ಕರೆ ಕಡ್ಡಿಯನ್ನೇ ಹೊರಗೆ ತೆಗೆದಳು. ಆಗಲೂ ಕದಲಲಿಲ್ಲ. ಕಡೆಗೆ ಪೈಪಿನ ವಾಲ್ವುಗಳನ್ನು ಒಂದೊಂದಾಗಿ ಮುಚ್ಚುತ್ತ ಬಂದು, ಆ ಸ್ಟೀಲಿನ ಬಟ್ಟಲನ್ನು ತಪ್ಪಿಸಿ ಬೇರೆ ದಾರಿಯಿಂದ ಅನಿಲ ಬಿಟ್ಟಾಗ ಗೆರೆಗಳು ಕುಗ್ಗಿದವು. ಮುಚ್ಚಳ ತಿರುಗಿಸಿದಳು.

ಗುಡಿಯೇ ಮೂಗಿಗೆ ನುಗ್ಗಿತು.

ಎರಡು ಗುಳಿಗೆ ಕರಗಿಹೋಗಿ ಎರಡು ಇನ್ನೂ ಬೆಳ್ಳಗೆ ಕೂತಿದ್ದವು. ಕರ್ಪೂರದ ಗೆರೆಗಳ ಪಟ್ಟಿಯನ್ನು ಎಂದೋ ಯಾರೋ ಅಳೆದು ಪ್ರಕಟಿಸಿದ್ದರು. ಹುಡುಕಿ ತೆಗೆದು ಹೋಲಿಸಿದರೆ ಕೊನೆಯ ಅಂಕಿಯವರೆಗೂ ಒಂದೇ. ಕರ್ಪೂರದ ಅಣುವಿನ ತೂಕ ನೂರೈವತ್ತೆರಡು, ಸಣ್ಣ ಸಕ್ಕರೆಯದು ನೂರೈವತ್ತು. ಮುದುಡಿ ಮಲಗಿದ ಸಕ್ಕರೆ ಎಂದು ತಾನು ಮುದ್ದಾಡಿದ್ದು ಹುಟ್ಟಾ ಗುಂಡಗಿರುವ ಕರ್ಪೂರವನ್ನು.

ಲ್ಯಾಬಿನಲ್ಲಿ ಆಕೆಯ ಹೊರತು ಯಾರೂ ಇರಲಿಲ್ಲ. ಸುಳ್ಳೇಕೆ ಹೇಳಬೇಕು, ಒಂದು ಗಳಿಗೆ ಮಂಜರಿಯ ತಲೆಯಲ್ಲಿ ಬೇರೆಯದೇ ಲೆಕ್ಕ ಓಡಿತು. ಬಟ್ಟಲು ಒರೆಸಿ ಇಟ್ಟರೆ ಮುಗಿಯಿತು. ಶುಕ್ರವಾರ ಹಳೆಯ ಚಿತ್ರವನ್ನೇ ತೋರಿಸಬಹುದು, ಮಧುಕರನ ಒಂಬತ್ತು ಪುಟ ಹೇಗೂ ಇದೆ. ಮುಂದೆ ಎಂದಾದರೂ, ಯಾಕೋ ಆ ಆಕಾರ ಮತ್ತೆ ಕಾಣಲಿಲ್ಲ ಎಂದರಾಯಿತು. ಪದವಿ ಬಂದಿರುತ್ತದೆ, ಸರ್ ನೆಮ್ಮದಿಯಿಂದ ನಿವೃತ್ತರಾಗಿರುತ್ತಾರೆ. ಆಕೆ ಬಟ್ಟೆಯ ತುಂಡನ್ನು ಕೈಗೆತ್ತಿಕೊಂಡೂ ಬಿಟ್ಟಳು. ಆಮೇಲೆ, ಈ ಗೆರೆಗಳನ್ನು ನೋಡಿ ತಾನು ಮೂರು ವಾರ ಪಟ್ಟ ಸಂತೋಷ ನೆನಪಾಗಿ, ಅದೇ ಸಂತೋಷವನ್ನು ಇನ್ನು ಮೇಲೆ ನಟಿಸಬೇಕಲ್ಲ ಎನ್ನಿಸಿತು. ಬಟ್ಟೆ ಕೆಳಗಿಟ್ಟು, ಮೇಜಿಗೆ ಹಣೆ ಹಚ್ಚಿ, ಚಿಕ್ಕ ಹುಡುಗಿಯಂತೆ ಅತ್ತಳು.

ನಾಲ್ಕು ಗಂಟೆಗೆ ಚಹಾ ತಂದ ದಿಗಂಬರನಿಗೆ ಹೇಳುವ ಮೊದಲೇ ವಾಸನೆಯಿಂದ ಅರ್ಥವಾಯಿತು. ಲೋಟವನ್ನು ಮೇಜಿನ ಮೇಲಿಟ್ಟ.

"ಅಕ್ಕಾರ... ನಾನs ಅಲ್ಲೇನ್ರಿ ಇಟ್ಟಾಂವ? ಸಾಹೇಬರಿಗೆ ನನ್ನ ಹೆಸರು ಹೇಳಿಬಿಡ್ರಿ. ದಿಗಂಬರ ಇಟ್ಟಿದ್ದ, ನಂಗ ಗೊತ್ತಿರಲಿಲ್ಲ ಅಂತ. ನನಗೇನರಿ, ಇನ್ನೆರಡು ವರ್ಷದ ನೌಕರಿ."

"ಹಚ್ಚಬ್ಯಾಡ್ರಿ ಅಂದಾಕಿ ಯಾರು?" ಎಂದಳು ಮಂಜರಿ, ಮೂಗು ಒರೆಸಿಕೊಳ್ಳುತ್ತ. "ಹಚ್ಚಿದ್ರ ಎರಡು ನಿಮಿಷದಾಗ ಉರದು ಹೋಗತಿತ್ತು. ಗಂಟಿ ಬಾರಸ್ತಿತ್ತು, ಅಷ್ಟs. ಬರ್ರಿ, ಇಬ್ಬರೂ ಹೋಗೋಣು."

ಋಷಿಕೇಶ ಸರ್ ಬಟ್ಟಲನ್ನು ಕೈಗೆ ತೆಗೆದುಕೊಂಡರು. ಮೂಗಿನ ಹತ್ತಿರ ತಂದು ಮೂಸಿದರು.

"ಭೀಮಸೇನಿ ಕರ್ಪೂರ ಏನೋ?" ಎಂದರು.

"ಹೌದ್ರಿ ಸಾಹೇಬ್ರ," ಎಂದ ದಿಗಂಬರ, ತಲೆ ತಗ್ಗಿಸಿ. "ಯಂತ್ರಕ್ಕ ಅಂತ ಒಳ್ಳೇದs ತಂದಿದ್ದೆ."

ಸರ್ ನಗಲು ಶುರು ಮಾಡಿದರು. ಮೊದಲು ಭುಜ, ಆಮೇಲೆ ಹೊಟ್ಟೆ, ಆಮೇಲೆ ಕುರ್ಚಿ. ನಗು ನಿಂತ ಮೇಲೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು, ಮುಖ ಮಾತ್ರ ಹತ್ತು ವರ್ಷ ಮುದಿಯಾದಂತಿತ್ತು.

"ಲೇಸರ್ ಬಂದ್ ಮಾಡಿ ನೋಡೋದು ಮೊದಲನೇ ಪಾಠ, ಮಂಜರಿ. ಮೂವತ್ತು ವರ್ಷ ನಾನs ಕಲಿಸೀನಿ. ನೀ ದಸರಾದ ಮೊದಲಿಂದು ಹೇಳಿದಿ, ನಾನೂ ಸುಮ್ಮನಾದೆ. ನನಗೂ ಅದು ಬೇಕಾಗಿತ್ತು ನೋಡು, ಆಸೆಗೆ ಕಣ್ಣಿಲ್ಲ." ಬಟ್ಟಲನ್ನು ದಿಗಂಬರನ ಕೈಗೆ ಕೊಟ್ಟು ಹೇಳಿದರು: "ಶುಕ್ರವಾರ ಇದ್ದದ್ದು ಇದ್ದ ಹಂಗ ಹೇಳೋಣು. ಮೊದಲು ಯಂತ್ರ ತೊಳೀರಿ."

ಮಧುಕರನಿಗೆ ಹೇಳುವುದು ಎಲ್ಲಕ್ಕಿಂತ ಕಷ್ಟವಾಯಿತು, ಅವನು ನಂಬಲೇ ಒಲ್ಲ.

"ಹೆಂಗ್ ಸಾಧ್ಯ? ನನ್ನ ಕ್ಯಾಲ್ಕುಲೇಶನ್ ಮ್ಯಾಚ್ ಆಗಿದ್ಯಲ್ಲ!"

"ನಿನ್ನ ಲೆಕ್ಕಕ್ಕ ನಮ್ಮ ಅತ್ಯಾನೂ ಮ್ಯಾಚ್ ಆಗತಾಳ. ಆಕೀದೂ ಮೂರು ನಂಬರ್ ಕೊಡ್ಲೇನು?"

ಮಧುಕರ್ ಐದು ನಿಮಿಷ ಮುನಿಸಿಕೊಂಡಿದ್ದು, ಆಮೇಲೆ ತನ್ನ ಒಂಬತ್ತು ಪುಟವನ್ನು ಮಡಚಿ ಜೇಬಿಗಿಟ್ಟುಕೊಂಡು, ತೋಳು ಮಡಚಿ ಕೆಲಸಕ್ಕೆ ನಿಂತ. ಹುಡುಗ ಒಳ್ಳೆಯವನು.

ಗುರುವಾರವಿಡೀ ಯಂತ್ರ ಬಿಚ್ಚಿದರು. ಕರ್ಪೂರದ ಆವಿ ರಬ್ಬರಿನ ರಿಂಗುಗಳಲ್ಲೆಲ್ಲ ಹೊಕ್ಕು ಕೂತಿತ್ತು. ದಿಗಂಬರ ಎಲ್ಲವನ್ನೂ ಕಿತ್ತು ಹೊಸವು ಹಾಕಿದ, ಪೈಪುಗಳಿಗೆ ಬಿಸಿ ಪಟ್ಟಿ ಸುತ್ತಿ ಕಾಯಿಸಿದ. ತಪ್ಪಿತಸ್ಥನ ಹುರುಪು ಅದು, ಯಾರೂ ಹೇಳದ ಕಡೆಯೂ ಕೈ ಹಾಕಿದ. ಅನಿಲ ಒಳನುಗ್ಗುವ ಮೂತಿಯನ್ನು ಒಂಬತ್ತು ವರ್ಷದಲ್ಲಿ ಯಾರೂ ಬಿಚ್ಚಿರಲಿಲ್ಲ. ಬಿಚ್ಚಿ ದೀಪಕ್ಕೆ ಹಿಡಿದರೆ ಸುಟ್ಟ ಸಕ್ಕರೆಯ ಕರಿ ಕಟ್ಟಿ ತೂತು ಅರ್ಧ ಮುಚ್ಚಿಹೋಗಿತ್ತು. "ಅರೆ ದೇವಾ, ಇಷ್ಟು ದಿನ ಮೂಗು ಕಟಿಗೊಂಡs ಹಾಡಾಕತ್ತಿತ್ತಲ್ರಿ ಇದು!" ಎಂದು ಬೈಯುತ್ತ, ತೆಳ್ಳನೆಯ ತಂತಿಯಿಂದ ಬಿಡಿಸಿ, ಬೆಣ್ಣೆಯೊಳಗಿನ ಕೂದಲು ತೆಗೆಯುವಷ್ಟು ಜೋಪಾನವಾಗಿ ಸ್ವಚ್ಛ ಮಾಡಿದ.

ಶುಕ್ರವಾರ ಬೆಳಿಗ್ಗೆ ಆರಕ್ಕೆ ಮಂಜರಿ ಬಂದು ಯಂತ್ರ ಓಡಿಸಿದಳು. ಕರ್ಪೂರ ಹೋಗಿದೆ ಎಂದು ತೋರಿಸಲು ಒಂದು ಚಿತ್ರ ಸಿಕ್ಕರೆ ಸಾಕಿತ್ತು. ಕರ್ಪೂರ ಹೋಗಿತ್ತು.

ಹನ್ನೊಂದಕ್ಕೆ ಇಳಕಲ್ ಸೀರೆ ಉಟ್ಟು ಸಮಿತಿಯ ಮುಂದೆ ಮಂಜರಿ ನಿಂತಳು. ನಾಲ್ಕು ಜನ ಸದಸ್ಯರು, ನಡುವೆ ವಿಶಾಲಮ್ಮ. ಬಾಗಿಲ ಹತ್ತಿರ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟ ದಿಗಂಬರ. ಕರೆದವರಾರೂ ಇಲ್ಲ, ತಾನಾಗಿ ಬಂದು ನಿಂತಿದ್ದ.

"ಕಳೆದ ತಿಂಗಳು ಹೊಸ ಆಕಾರ ಎಂದು ನಿಮಗೆ ತಿಳಿಸಿದ್ದು ಕರ್ಪೂರ," ಎಂದು ಮಂಜರಿ ಇಂಗ್ಲಿಷಿನಲ್ಲಿ ಶುರು ಮಾಡಿದಳು. ಲೇಸರ್ ಆರಿದಾಗಿನ ಚಿತ್ರ ತೋರಿಸಿದಳು, ಬಟ್ಟಲಿನ ಫೋಟೋ ತೋರಿಸಿದಳು. ಖಂಡೇನವಮಿಯ ಕತೆಗೆ ಬಂದಾಗ ಒಬ್ಬ ಸದಸ್ಯರು ಕರವಸ್ತ್ರ ಬಾಯಿಗೆ ಒತ್ತಿಕೊಂಡರು. ವಿಶಾಲಮ್ಮ ನಗಲಿಲ್ಲ.

"ಇಟ್ಟವರು ಯಾರು?"

"ಮೈ," ಎಂದ ದಿಗಂಬರ ಹಿಂದಿಯಲ್ಲಿ, ಬಾಗಿಲಿನಿಂದ ಒಂದು ಹೆಜ್ಜೆ ಮುಂದೆ ಬಂದು.

"ಇಡಲು ಹೇಳಿದವಳು ನಾನು. ಆಮೇಲೆ ಲೇಸರ್ ಆರಿಸಿ ನೋಡದೆ ಹೋದವಳೂ ನಾನೇ," ಎಂದಳು ಮಂಜರಿ. "ಈ ತಪ್ಪು ನನ್ನದು."

ಋಷಿಕೇಶ ಸರ್ ಎದ್ದು, ಒತ್ತಾಯ ಮಾಡಿ ನೋಡಿಸದೆ ಬಿಟ್ಟ ನನ್ನ ತಪ್ಪೂ ಹೌದು, ಎಂದು ಹೇಳಿ ಕೂತರು. ಮಧುಕರನೂ ಕೈಯೆತ್ತಿದ. ಒಂದು ತಪ್ಪಿಗೆ ಇಷ್ಟು ಜನ ವಾರಸುದಾರರನ್ನು ಆ ಸಭೆ ಎಂದೂ ಕಂಡಿರಲಾರದು.

"ಸರಿ," ಎಂದು ವಿಶಾಲಮ್ಮ ಪೆನ್ನಿನ ಮುಚ್ಚಳ ಹಾಕಿದರು. "ಹಾಗಾದರೆ ಹೊಸದೇನೂ ಇಲ್ಲ."

ಮಂಜರಿಗೆ ಹೇಳಲು ಇನ್ನೊಂದಿತ್ತು. ಹೇಳುವುದೋ ಬೇಡವೋ ಎಂದು ಬೆಳಗಿನಿಂದ ಒದ್ದಾಡಿದ್ದಳು. ಒಮ್ಮೆ ಕೈ ಸುಟ್ಟುಕೊಂಡವಳು.

"ಮೂತಿಯ ಕರಿ ತೆಗೆದ ಮೇಲೆ, ಇಂದು ಬೆಳಿಗ್ಗೆ ಪರದೆಯ ಮೇಲಿನ ಬೇಡದ ಗದ್ದಲ ಬಹಳ ಕಡಿಮೆಯಾಗಿದೆ. ಮೂರು ಆಕಾರಗಳ ಗೆರೆಗಳ ಕೆಳಗೆ ನಾಲ್ಕು ತೀರ ಸಣ್ಣ ಗೆರೆಗಳು ಕಾಣುತ್ತಿವೆ. ಕರ್ಪೂರದವಲ್ಲ, ಅಂಟಿನವಲ್ಲ, ನೀರಿನವಲ್ಲ. ಐದು ಸಲ ಲೇಸರ್ ಆರಿಸಿ ನೋಡಿದೆ. ಐದು ಸಲವೂ ಮಾಯವಾದವು. ನಾಲ್ಕು ಗೆರೆಗಳಿಂದ ಏನೂ ಹೇಳಲಾಗದು. ಅದಕ್ಕೇ ನನ್ನ ಚಿತ್ರಗಳಲ್ಲಿ ಅವನ್ನು ಸೇರಿಸಿಲ್ಲ."

ವಿಶಾಲಮ್ಮ ಪೆನ್ನು ಕೆಳಗಿಟ್ಟರು. "ಯಂತ್ರ ಎಲ್ಲಿದೆ?" ಎಂದರು.

ಸಮಿತಿಗೆ ಸಮಿತಿಯೇ ಎದ್ದು ಮೆಟ್ಟಿಲಿಳಿದು ಲ್ಯಾಬಿಗೆ ಬಂತು. ಮಂಜರಿ ಕಡ್ಡಿ ಕೂರಿಸಿದಳು, ದಿಗಂಬರ ನೀರಿನ ಯಂತ್ರಕ್ಕೆ ಒಂದು ಗುದ್ದು ಕೊಟ್ಟು ಎಬ್ಬಿಸಿದ. ಲೇಸರ್ ಟಕ್ ಟಕ್ ಎನ್ನತೊಡಗಿತು. ಎಲ್ಲರೂ ಪರದೆ ನೋಡುತ್ತ ನಿಂತರು. ಇಪ್ಪತ್ತು ನಿಮಿಷವಾದ ಮೇಲೆ, ಎತ್ತರದ ಗೆರೆಗಳ ಕಾಲಡಿಯಲ್ಲಿ, ಹುಲ್ಲಿನ ಮೊಳಕೆಯಷ್ಟು ಸಣ್ಣವು ನಾಲ್ಕು ತಲೆಯೆತ್ತಿದವು.

"ಆರಿಸಿ," ಎಂದರು ವಿಶಾಲಮ್ಮ.

ಮಂಜರಿ ಲೇಸರ್ ಆರಿಸಿ, ಹೊಸದಾಗಿ ಅಳೆಯಲು ಬಿಟ್ಟಳು. ಇಪ್ಪತ್ತು ನಿಮಿಷವಾದರೂ ಪರದೆ ಖಾಲಿ. ಗೆರೆಗಳಿಲ್ಲದ ಆ ಪರದೆಯನ್ನು ನೋಡಿ ಆಕೆಗೆ ಕುಣಿಯುವಷ್ಟು ಸಂತೋಷವಾಯಿತು. ಮೂರು ವಾರದ ಹಿಂದೆ ಗೆರೆ ನೋಡಿ ಕುಣಿದಿದ್ದವಳು ಇಂದು ಗೆರೆ ಹೋದದ್ದಕ್ಕೆ ಕುಣಿಯುವಂತಾಗಿತ್ತು.

ಉಳಿದ ಸದಸ್ಯರು ಗಡಿಯಾರ ನೋಡಿಕೊಂಡು ಊಟಕ್ಕೆ ನಡೆದರು. ವಿಶಾಲಮ್ಮ ಕದಲಲಿಲ್ಲ. ತಾವೇ ಕೈ ಚಾಚಿ ಲೇಸರಿನ ಗುಂಡಿ ಒತ್ತಿದರು, ಕಾದರು, ನಾಲ್ಕು ಸಣ್ಣ ಗೆರೆಗಳು ಮತ್ತೆ ಬಂದವು. ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಗ್ಗಿ ನೋಡಿದರು. ಐದು ವರ್ಷದಲ್ಲಿ ಇಂಗ್ಲಿಷ್ ಬಿಟ್ಟು ಒಂದು ಪದ ಆಡದಿದ್ದ ಹೆಂಗಸು ತಿರುಗಿ ಕೇಳಿದರು:

"ಏನಮ್ಮಾ ಇದು?"

"ಗೊತ್ತಿಲ್ಲ ಮ್ಯಾಡಮ್," ಎಂದಳು ಮಂಜರಿ. ಹೇಳುವಾಗ ನಗು ತಡೆಯಲಾಗಲಿಲ್ಲ.

"ನನಗೂ ಗೊತ್ತಿಲ್ಲ ಕಣಮ್ಮ," ಎಂದರು ವಿಶಾಲಮ್ಮ, ಸ್ಟೂಲನ್ನು ಹತ್ತಿರ ಎಳೆದುಕೊಂಡು ಸೆರಗು ಸೊಂಟಕ್ಕೆ ಸಿಕ್ಕಿಸುತ್ತ. "ಸಂಜೆ ಫ್ಲೈಟು ಹೋದರೆ ಹೋಗಲಿ. ಇನ್ನೊಂದು ಕಡ್ಡಿ ಹಾಕು, ನೋಡೋಣ."